ನಿಂತಿದ್ದೂ ಬಿದ್ದುಹೋದ ಮನೆ

"ಬರಹ ನಂದೇ," ಅಂದಳು ಮ್ಯಾವಿಸ್ ಪಾರ್ಫೇ. "ಆದ್ರೆ ಮನೆ ನಂದಲ್ಲ."

ಉರ್ಸುಲ್ ಡಾರ್ಡಾರ್ ಆ ಫೋಟೋವನ್ನು ಇಸಕೊಂಡು ಮತ್ತೊಮ್ಮೆ ಕಿಟಕಿಯ ಬೆಳಕಿಗೆ ಹಿಡಿದಳು. ಬೆಳಕೇನೋ ಬೇಕಾದಷ್ಟಿತ್ತು. ಕತ್ತಲೆ ಇದ್ದದ್ದು ಅವಳ ತಲೆಯೊಳಗೆ.

ಫೋಟೋದಲ್ಲಿ ಒಂದು ಮನೆಯ ಹೆಣ. ಮುರಿದ ತೊಲೆ, ಮಗುಚಿಬಿದ್ದ ಸೂರು, ಸುರುಳಿ ಸುತ್ತಿಕೊಂಡ ತಗಡು. ಆ ರಾಶಿಗೆ ಒರಗಿದ ಒಂದು ಪ್ಲೈವುಡ್ ಹಲಗೆ. ಹಲಗೆಯ ಮೇಲೆ ಕಿತ್ತಳೆ ಬಣ್ಣದಲ್ಲಿ 'ಪಾರ್ಫೇ' ಅಂತ ಹೆಸರು, ಮನೆ ನಂಬರು, ಕೆಳಗೆ ವಿಮೆ ಕಂಪನಿಯ ಹೆಸರು.

ಮೂರು ವರ್ಷದ ಹಿಂದಿನ ಚಂಡಮಾರುತದಲ್ಲಿ ಮ್ಯಾವಿಸ್‌ಳ ಮನೆ ನೆಲಸಮವಾಯಿತು ಎಂದು ಲೂಯಿಸಿಯಾನದ ವಿಮೆ ಕಂಪನಿಗಳೆಲ್ಲ ನಂಬಿ ಕೂತದ್ದು ಈ ಒಂದು ಫೋಟೋದ ಬಲದ ಮೇಲೆ. ಆ ನೆಲಸಮವಾದ ಮನೆಯ ಅಡುಗೆಮನೆಯಲ್ಲೇ ಈಗ ಇಬ್ಬರೂ ಕೂತು ಕಾಫಿ ಕುಡಿಯುತ್ತಿದ್ದರು.

"ಅವರ ಜೊತೆ ಮಾತಾಡಿ ಮಾತಾಡಿ ನಂಗೇ ಅನುಮಾನ ಬಂದ್ಬಿಟ್ಟಿದೆ ಮಿಸ್ ಉರ್ಸುಲ್," ಅಂದಳು ಮ್ಯಾವಿಸ್. "ನಿಮ್ಮ ಮನೆ ಬಿದ್ದಿದೆ ಅಂತಾರೆ. ಇಲ್ಲಪ್ಪಾ, ಅದೇ ಮನೇಲಿ ನಿಂತ್ಕೊಂಡು ಫೋನ್ ಮಾಡ್ತಿದೀನಿ ಅಂದೆ. ಹಾಗಾದ್ರೆ ಹೊಸದಾಗಿ ಕಟ್ಟಿದೀರಾ, ಪರವಾನಗಿ ತೋರ್ಸಿ ಅಂತಾರೆ. ಕಟ್ಟಿಲ್ಲ, ಹಳೇದೇ ಅಂದೆ. ಹಳೇದು ಬಿದ್ದಿದೆಯಲ್ಲಮ್ಮಾ ಅಂತಾರೆ! ನಿಜ ಹೇಳಿ, ನಾವಿಬ್ರೂ ಬದುಕಿದೀವಿ ತಾನೇ?"

"ಕಾಫಿ ಬಿಸಿ ಇದೆ. ಸತ್ತೋರಿಗೆ ನಾಲಿಗೆ ಸುಡಲ್ಲ," ಅಂದಳು ಉರ್ಸುಲ್. "ಅದಿರ್ಲಿ, ನಿನ್ನ ಹಳೇ ಕಂಪನಿಯೋರು ಬಿದ್ದ ಮನೆಗೂ ಮೂರು ವರ್ಷ ಕಂತು ತಗೊಂಡ್ರಾ?"

"ಒಂದು ತಿಂಗಳೂ ಬಿಡದ ಹಾಗೆ. ಆಮೇಲೆ ಈ ರಾಜ್ಯವೇ ಬೇಡ ಅಂತ ಗಂಟುಮೂಟೆ ಕಟ್ಕೊಂಡು ಹೋದ್ರು."

ಉರ್ಸುಲ್ ನಗಲಿಲ್ಲ. ಒಂದು ಕಾಲದಲ್ಲಿ ಅವಳೂ ಕಂಪನಿಗಳ ಪರವಾಗಿ ಬಿದ್ದ ಮನೆಗಳನ್ನು ಅಳೆಯುತ್ತಿದ್ದವಳು. ಈಗ ಬಿದ್ದವರ ಪರವಾಗಿ ಕಂಪನಿಗಳ ಬೆನ್ನು ಹತ್ತುವುದೇ ಅವಳ ಕಸುಬು. ಬಯೂ ಎಂಬ ಆ ಜೌಗುಹೊಳೆಯ ದಂಡೆಯ ಜನ ಅವಳನ್ನು ಪತ್ತೇದಾರಿಣಿ ಅನ್ನುತ್ತಿದ್ದರು, ಏಜೆಂಟರು ತಲೆನೋವು ಅನ್ನುತ್ತಿದ್ದರು.

ಕೌಂಟರಿನ ಮೇಲಿನ ಪುಟ್ಟ ಟೀವಿಯಲ್ಲಿ ಒಟಿಲಿಯಾ ಎಂಬ ಚಂಡಮಾರುತ ಕ್ಯೂಬಾದ ಪಕ್ಕದಲ್ಲಿ ಬೆಕ್ಕಿನ ಹಾಗೆ ಸುರುಳಿ ಸುತ್ತಿಕೊಂಡು ಕೂತಿತ್ತು. ಇಲ್ಲಿಗೆ ಬರುತ್ತದೋ ಇಲ್ಲವೋ, ಅದು ಆಮೇಲಿನ ಮಾತು. ಅದು ಕೊಲ್ಲಿಯೊಳಗೆ ಮೂಗು ತೂರಿಸಿದರೆ ಸಾಕು, ಎಲ್ಲ ಕಂಪನಿಗಳೂ ಹೊಸ ವಿಮೆಯ ಬಾಗಿಲು ಮುಚ್ಚುತ್ತವೆ. ಮಧ್ಯಾಹ್ನದ ಹೊತ್ತಿಗೆ ತೂರಿಸುತ್ತದೆ ಅನ್ನುತ್ತಿದ್ದ ಟೀವಿಯವನು.

ಮ್ಯಾವಿಸ್‌ಗೆ ಕೈಗೆಟುಕುವ ಕಂತಿಗೆ ವಿಮೆ ಕೊಡುವವನು ಇಡೀ ಸೀಮೆಯಲ್ಲಿ ಉಳಿದಿದ್ದವನು ಒಬ್ಬನೇ, ಏಜೆಂಟ್ ಪರ್ಸಿ ಡುಗಾ. ಅವನ ಕಂಪನಿಯವರೂ ಒಂದೇ ಪಟ್ಟು ಹಿಡಿದಿದ್ದರು: ಆ ಫೋಟೋದ ಮನೆ ನಿಮ್ಮದಲ್ಲದಿದ್ದರೆ ಮತ್ಯಾರದು, ಅವರ ಬಾಯಲ್ಲೇ ಹೇಳಿಸಿ. ಅದಾಗದಿದ್ದರೆ ಬ್ಯಾಂಕಿನವರು ತಮಗೆ ತೋಚಿದ ದುಬಾರಿ ವಿಮೆಯನ್ನು ಮ್ಯಾವಿಸ್‌ಳ ಮನೆಸಾಲದ ಮೇಲೆ ಹೇರುತ್ತಾರೆ. ಸಿಗಡಿ ಸುಲಿಯುವ ಕೂಲಿಯಲ್ಲಿ ಅದನ್ನು ಕಟ್ಟುವುದು ಕನಸಿನ ಮಾತು. ಕಟ್ಟದಿದ್ದರೆ ಗಾಳಿಗೆ ಬೀಳದ ಮನೆ ಬ್ಯಾಂಕಿನ ಬಾಯಿಗೆ ಬೀಳುತ್ತದೆ.

"ಬರಹ ನಿಂದೇ ಅಂತ ಹೆಂಗೆ ಹೇಳ್ತೀಯ?" ಕೇಳಿದಳು ಉರ್ಸುಲ್.

"ನಂಬರಲ್ಲಿರೋ ಆ ಏಳು ನೋಡಿ, ಸೊಂಟಕ್ಕೆ ಅಡ್ಡಗೆರೆ. ನಮ್ಮಮ್ಮ ಕಲಿಸಿದ್ದು. ಗಾಳಿ ಬರೋ ಮುಂಚೆ ಕಿಟಕಿಗೆ ಹಲಗೆ ಹೊಡೆದು ಅದರ ಮೇಲೆ ಬರೀತೀವಲ್ಲ, ಆ ಹಲಗೆನೇ ಇದು."

ಅದು ಉರ್ಸುಲ್‌ಗೆ ಗೊತ್ತಿಲ್ಲದ್ದೇನಲ್ಲ. ಗಾಳಿ ಹೋದಮೇಲೆ ರಸ್ತೆಯ ಫಲಕ ಇರುವುದಿಲ್ಲ, ಅಂಚೆಪೆಟ್ಟಿಗೆ ಇರುವುದಿಲ್ಲ, ಎಷ್ಟೋ ಸಲ ರಸ್ತೆಯೇ ಇರುವುದಿಲ್ಲ. ದೂರದ ರಾಜ್ಯಗಳಿಂದ ಬರುವ ಕಂಪನಿಯ ಹುಡುಗರು ಯಾರ ಮನೆ ಯಾವುದೆಂದು ತಿಳಿಯದೆ ಕಣ್ಣು ಕಣ್ಣು ಬಿಡುತ್ತಾರೆ. ಅದಕ್ಕೇ ಈ ಕಡೆಯವರು ಹೆಸರು, ನಂಬರು, ಕಂಪನಿ ಎಲ್ಲವನ್ನೂ ಹಲಗೆಯ ಮೇಲೆ ಬಳಿದಿಡುತ್ತಾರೆ. ಹಾಗೆ ಬಳಿದ ಹಲಗೆಗಳನ್ನು ನೋಡಿಕೊಂಡೇ ಉರ್ಸುಲ್ ತನ್ನ ಅರ್ಧ ಆಯಸ್ಸು ಕಳೆದಿದ್ದಳು.

ಅವಳು ಹಲಗೆಯನ್ನು ಬಿಟ್ಟು ಫೋಟೋದ ಕೆಳಭಾಗಕ್ಕೆ ಕಣ್ಣು ಹಾಯಿಸಿದಳು. ರಾಶಿಯ ಕೆಳಗೆ ಮುರಿದ ಕಂಬಗಳ ಮೋಟು. ಎಲ್ಲವೂ ಗುಂಡು ಕಂಬ. ಅವುಗಳ ಬುಡದಲ್ಲಿ ಸಿಂಪಿ ಕಚ್ಚಿಕೊಂಡಿತ್ತು.

ಎದ್ದು ಹೋಗಿ ಮೆಟ್ಟಿಲ ಮೇಲೆ ನಿಂತು, ನೆರೆಗೆ ಹೆದರಿ ಕಂಬಗಳ ಮೇಲೆ ಕಟ್ಟಿದ್ದ ಮ್ಯಾವಿಸ್‌ಳ ಮನೆಯ ಕೆಳಗೆ ಬಗ್ಗಿ ನೋಡಿದಳು. ಚೌಕನೆಯ ಕಂಬಗಳು, ಕೆಳಗೆ ಒಣ ಮಣ್ಣು, ಮಣ್ಣಿನಲ್ಲಿ ಹೊರಳಾಡುತ್ತಿದ್ದ ಒಂದು ನಾಯಿ.

"ಮ್ಯಾವಿಸ್, ಇದು ಊರಿನ ಮನೆಯೇ ಅಲ್ಲಮ್ಮ. ಸಿಂಪಿ ಹತ್ತಬೇಕಾದ್ರೆ ಕಂಬ ಉಪ್ಪುನೀರಲ್ಲಿ ನಿಂತಿರಬೇಕು. ಇದ್ಯಾವುದೋ ಕ್ಯಾಂಪು."

ಜೌಗಿನ ಆಚೆ, ಮೀನು ಬಾತುಗಳ ಬೇಟೆಗೆ ಹೋದವರು ಇಳಿದುಕೊಳ್ಳುವ ಮರದ ಗುಡಿಸಲನ್ನು ಇಲ್ಲಿ ಕ್ಯಾಂಪು ಅನ್ನುತ್ತಾರೆ.

"ನಮ್ಮ ಹಲಗೆ ಅಲ್ಲಿಗೆ ಯಾಕೆ ಹೋಯ್ತು? ಅದಕ್ಕೇನು ಮೀನು ಹಿಡಿಯೋ ಹುಚ್ಚಾ?"

"ಯಾರಿಗೆ ಕೊಟ್ಟಿದ್ದೆ?"

ಮ್ಯಾವಿಸ್ ಕಪ್ಪನ್ನು ಕೆಳಗಿಟ್ಟಳು. "ಹಲಗೆ ಕೊಡೋದೆಲ್ಲ ಕ್ಲೋವಿಸ್ ನೋಡ್ಕೋತಿದ್ದ. ಗಾಳಿ ವಾರದಲ್ಲಿ ಯಾರು ಕೇಳಿದ್ರೂ ಇಲ್ಲ ಅನ್ನಬಾರದು ಅನ್ನೋನು. ಆ ಸಲ ಅಡುಗೆಮನೆ ಕಿಟಕಿ ಹಲಗೆ ಕಾಣಿಸ್ಲಿಲ್ಲ. ಗಾಳಿ ತಗೊಂಡು ಹೋಯ್ತು ಅಂದ್ಕೊಂಡೆ. ಗಾಳಿ ಆಗ ಏನೇನೋ ತಗೊಂಡು ಹೋಗಿತ್ತಲ್ಲ."

ಅದೇ ಗಾಳಿಯಲ್ಲಿ ದೋಣಿ ಕಟ್ಟಿಬರುತ್ತೇನೆಂದು ಹೋದ ಅವಳ ಗಂಡ ಕ್ಲೋವಿಸ್ ಮರಳಿರಲಿಲ್ಲ. ದೋಣಿ ಸಿಕ್ಕಿತ್ತು, ಅವನು ಸಿಕ್ಕಿರಲಿಲ್ಲ. ಊರಿನವರು ಖಾಲಿ ಶವಪೆಟ್ಟಿಗೆಗೇ ಪ್ರಾರ್ಥನೆ ಹೇಳಿದ್ದರು.

"ಕ್ಲೋವಿಸ್‌ಗೆ ಕ್ಯಾಂಪು ಇತ್ತಾ?"

"ಅವನಿಗೂ ಎಲ್ಫೇಜ್‌ಗೂ ಸೇರಿ ಒಂದಿತ್ತು. ನಾನು ಒಂದು ಸಲನೂ ಹೋಗಿಲ್ಲ. ಸೊಳ್ಳೆ ಅಂದ್ರೆ ಆಗಲ್ಲ ನಂಗೆ."

ಎಲ್ಫೇಜ್ ಅವಳ ಮೈದುನ. ಉರ್ಸುಲ್ ಕಾರಿನ ಕೀಲಿ ಕೈಗೆತ್ತಿಕೊಂಡಳು. ಗಂಟು ಬಿಡಿಸಿದಂತೆ ಅನಿಸಿತು ಅವಳಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಕ್ಯಾಂಪು ಬಿದ್ದದ್ದಕ್ಕೆ ಮನೆಗೆ ಬರೆ ಬಿದ್ದಿದೆ. ಎಲ್ಫೇಜ್ ಬಂದು ಒಂದು ಮಾತು ಹೇಳಿದರೆ ಮುಗಿಯಿತು.

ಎಷ್ಟು ಸುಲಭ ಅಂದುಕೊಂಡಳು, ಪಾಪ.

*

ಎಲ್ಫೇಜ್ ಪಾರ್ಫೇ ದೋಣಿಕಟ್ಟೆಯ ಮೇಲೆ ನಿಂತು ತನ್ನ ಸಿಗಡಿ ದೋಣಿಗೆ ಹಗ್ಗದ ಮೇಲೆ ಹಗ್ಗ ಬಿಗಿಯುತ್ತಿದ್ದ. ಅವನ ಬಾಯಿಗೂ ಕೈಗೂ ಎಂದೂ ಬಿಡುವಿರುತ್ತಿರಲಿಲ್ಲ.

"ಓಹೋ, ಮಿಸ್ ಉರ್ಸುಲ್! ಗಾಳಿ ಬರೋ ಹೊತ್ತಲ್ಲಿ ಹದ್ದುಗಳೆಲ್ಲ ಒಳನಾಡಿಗೆ ಹಾರ್ತವೆ. ನೀವು ಉಲ್ಟಾ ಬಂದಿದೀರಿ."

"ನಿನ್ನ ಕಣ್ಣಿಗೆ ನಾನು ಹದ್ದಾ?"

"ಛೆ ಛೆ, ಬೆಳ್ಳಕ್ಕಿ. ಏನು ವಿಷ್ಯ?"

"ಮೂರು ವರ್ಷದ ಹಿಂದೆ ಮ್ಯಾವಿಸ್ ಮನೆಯಿಂದ ಒಂದು ಹಲಗೆ ತಗೊಂಡಿದ್ದೆ ಅಲ್ವೇನೋ?"

ಎಲ್ಫೇಜ್ ಗಹಗಹಿಸಿದ. "ಗಾಳಿ ವಾರದಲ್ಲಿ ಕೊಟ್ಟ ಹಲಗೆ ವಾಪಸ್ ಕೇಳೋರಿಗೆ ಸ್ವರ್ಗದಲ್ಲಿ ಜಾಗ ಇಲ್ಲ ಅಂತ ನಮ್ಮ ಪಾದ್ರಿಗಳೇ ಹೇಳಿದಾರೆ. ತಗೊಂಡಿದ್ದೆ, ಹೌದು. ಕ್ಲೋವಿಸ್ಸೇ ಕೊಟ್ಟ. ಕ್ಯಾಂಪಿನ ಕಿಟಕಿಗೆ ಹೊಡೆದ್ವಿ. ಬರೆದಿರೋ ಮುಖ ಒಳಗಡೆ ಮಾಡಿ ಹೊಡೆದ್ವಿ, ನಾವೇನು ದಡ್ಡರಲ್ಲ."

"ಗಾಳಿ ಅದನ್ನ ಹೊರಗಡೆ ಮಾಡ್ತು." ಉರ್ಸುಲ್ ಫೋಟೋ ಮುಂದೆ ಹಿಡಿದಳು. "ಕಂಪನಿ ಹುಡುಗ ದೋಣಿಯಲ್ಲಿ ಬಂದು, ಹಲಗೆ ನೋಡಿ, ಇದೇ ಮ್ಯಾವಿಸ್ ಮನೆ ಅಂತ ಬರ್ಕೊಂಡು ಹೋಗಿದಾನೆ."

ಎಲ್ಫೇಜ್ ಫೋಟೋ ನೋಡಿದ. ನಗು ಮುಖದ ಮೇಲೇ ಇತ್ತು, ಆದರೆ ಒಳಗಿನಿಂದ ಅದನ್ನು ಹಿಡಿದಿದ್ದ ಕೈ ಬಿಟ್ಟುಹೋದಂತೆ ಮೆಲ್ಲಗೆ ಜಾರಿತು.

"ಪರ್ಸಿ ಹತ್ರ ಬಾ," ಅಂದಳು ಉರ್ಸುಲ್. "ಇದು ನಮ್ಮ ಕ್ಯಾಂಪು ಅಂತ ಹೇಳು ಸಾಕು. ಒಂದೇ ಮಾತು."

"ಆಗಲ್ಲ."

"ಏನು ಆಗಲ್ಲ?"

"ಹೇಳೋಕಾಗಲ್ಲ. ದೋಣಿ ಕಟ್ಟಬೇಕು."

"ದೋಣಿ ಈಗಾಗ್ಲೇ ಜೇಡದ ಬಲೆ ಥರ ಕಟ್ಟಿದೀಯ."

"ಆ ಜಾಗ ನಮ್ಮದಲ್ಲ ಮಿಸ್ ಉರ್ಸುಲ್. ಎಣ್ಣೆ ಕಂಪನಿದು. ಪರವಾನಗಿ ಇಲ್ಲದೆ ಕಟ್ಟಿದ್ವಿ. ನಾಳೆ ಕೇಸು ಹಾಕಿದ್ರೆ?"

"ಈ ಜೌಗಲ್ಲಿರೋ ಅರ್ಧ ಕ್ಯಾಂಪು ಹಂಗೇ ಕಟ್ಟಿರೋದು. ಬಿದ್ದುಹೋದ ಗುಡಿಸಲಿನ ಮೇಲೆ ಕೇಸು ಹಾಕೋಕೆ ಯಾರಿಗಪ್ಪಾ ಪುರುಸೊತ್ತು?"

ಎಲ್ಫೇಜ್ ಬಿಗಿದಿದ್ದ ಹಗ್ಗವನ್ನೇ ಬಿಚ್ಚಿ ಮತ್ತೆ ಬಿಗಿಯತೊಡಗಿದ.

ಉರ್ಸುಲ್‌ಗೆ ತಲೆಬುಡ ತಿಳಿಯಲಿಲ್ಲ. ಹಲಗೆ ತಂದದ್ದನ್ನು ನಗುನಗುತ್ತ ಒಪ್ಪಿಕೊಂಡವನು, ಬಿದ್ದ ಕ್ಯಾಂಪನ್ನು ನಮ್ಮದು ಅನ್ನಲು ಯಾಕೆ ಹೆದರುತ್ತಾನೆ? ವಿಮೆ ಹಣ ನುಂಗಿದ್ದಾನೆಯೇ? ಕ್ಯಾಂಪಿಗೆ ವಿಮೆಯೇ ಇರಲಿಲ್ಲ. ಮ್ಯಾವಿಸ್‌ಳ ಮನೆಯ ಮೇಲೆ ಕಣ್ಣೇ? ಮೂರು ವರ್ಷದಿಂದ ಪ್ರತಿ ಮಳೆಗೂ ಆ ಸೂರು ಹತ್ತಿ ರಿಪೇರಿ ಮಾಡಿಕೊಟ್ಟವನು ಇವನೇ. ಎರಡು ತುಂಡು ಕೈಯಲ್ಲಿದ್ದವು. ಎರಡೂ ನಿಜ. ಜೋಡಿಸಲು ಹೋದರೆ ಒಂದಕ್ಕೊಂದು ಬೆನ್ನು ತಿರುಗಿಸುತ್ತಿದ್ದವು.

"ಯಾರಿಗೆ ಹೆದರ್ತಿದೀಯೋ?" ಕೇಳಿದಳು ಮೆಲ್ಲಗೆ.

"ಹೆದರಿಕೆ ಏನಿಲ್ಲ."

"ಮತ್ತೆ ಆ ಫೋಟೋ ಕಡೆ ಇನ್ನೊಂದು ಸಲ ನೋಡು ನೋಡೋಣ."

ನೋಡಲಿಲ್ಲ.

ಅಷ್ಟರಲ್ಲಿ ಕಾರಿನ ಬಾಗಿಲು ದಡಾರ್ ಅಂತು. ಕೂತಿರು ಅಂದರೆ ಕೂರುವ ಹೆಂಗಸಲ್ಲ ಮ್ಯಾವಿಸ್. ಚಪ್ಪಲಿ ಪಟಪಟ ಅನ್ನಿಸುತ್ತ ಬಂದು ಮೈದುನನ ಎದುರು ನಿಂತಳು.

"ಏನಂತೆ ಇವನದು?"

"ಬರಲ್ಲ ಅಂತಾನೆ."

"ಎಲ್ಫೇಜ್," ಅಂದಳು ಮ್ಯಾವಿಸ್. "ನಿನ್ನ ಹೆಂಡ್ತಿ ಬಿಟ್ಟು ಹೋದಾಗ ಎರಡು ಚಳಿಗಾಲ ಯಾರ ಮನೇಲಿ ಗಂಬೋ ಸಾರು ಅನ್ನ ತಿಂದೆ?"

"ನಿಮ್ಮ ಮನೇಲಿ."

"ಆ ಮನೆ ಇವತ್ತು ಮಧ್ಯಾಹ್ನ ಹೋಗುತ್ತೆ. ಗಾಳಿ ತಗೊಂಡು ಹೋದ್ರೆ ನಾನು ದೇವರ ಜೊತೆ ಜಗಳ ಆಡ್ತೀನಿ. ನಿನ್ನ ಬಾಯಿ ಮುಚ್ಚಿರೋದ್ರಿಂದ ಹೋದ್ರೆ ಯಾರ ಜೊತೆ ಆಡ್ಲಿ?"

ಎಲ್ಫೇಜ್ ಅತ್ತಿಗೆಯ ಮುಖವನ್ನೇ ನೋಡಿದ. ನೀರಿನ ಆಚೆ ಜೌಗಿನ ಕಡೆಗೊಮ್ಮೆ ನೋಡಿದ. ಆಮೇಲೆ ಹಗ್ಗ ಕೆಳಗೆ ಬಿಟ್ಟು, ಕೈಯನ್ನು ಚಡ್ಡಿಗೆ ಒರೆಸಿಕೊಂಡು, ಗಲ್ಲಿಗೆ ಹೊರಟವನ ಹಾಗೆ ಕಾರಿನ ಕಡೆ ನಡೆದ.

*

ಪರ್ಸಿ ಡುಗಾನ ಆಫೀಸು ಮೀನಿನ ಎರೆ ಮಾರುವ ಅಂಗಡಿಯ ಪಕ್ಕದಲ್ಲಿತ್ತು. ಅಂದು ಎರೆಗಿಂತ ವಿಮೆಗೇ ಗಿರಾಕಿ ಜಾಸ್ತಿ. ವರ್ಷವಿಡೀ ಪರ್ಸಿಯನ್ನು ಕಂಡರೆ ದಾರಿ ಬದಲಿಸುತ್ತಿದ್ದವರೆಲ್ಲ ಈಗ ಬಾಗಿಲ ತನಕ ಸಾಲುಗಟ್ಟಿದ್ದರು.

"ಒಟಿಲಿಯಾ ಕೊಲ್ಲಿಯೊಳಗೆ ಬರೋ ತನಕ ನಾನು ದೇವರು," ಅನ್ನುತ್ತಿದ್ದ ಪರ್ಸಿ, ಬೆವರು ಒರೆಸಿಕೊಳ್ಳುತ್ತ. "ಬಂದಮೇಲೆ ನಾನು ಬರೀ ಕ್ಯಾಲೆಂಡರ್ ಹಂಚೋನು. ಬೇಗ ಬೇಗ! ಮಿಸ್ ಮ್ಯಾವಿಸ್, ಸಿಕ್ಕಿದ್ರಾ ಯಾರಾದ್ರೂ?"

"ಇವನೇ," ಅಂದಳು ಮ್ಯಾವಿಸ್, ಎಲ್ಫೇಜನ ಬೆನ್ನು ಹಿಡಿದು ಮುಂದೆ ತಳ್ಳಿ.

ಪರ್ಸಿ ಕಂಪನಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟ. ಆ ಕಡೆಯಿಂದ ಒಂದು ಹುಡುಗಿಯ ದನಿ. ಬೆಳಗಿನಿಂದ ಮಾತಾಡಿ ಗಂಟಲು ಒಣಗಿತ್ತೋ ಏನೋ, ನಡುನಡುವೆ ನೀರು ಗುಟುಕರಿಸುವುದೂ ಕೇಳುತ್ತಿತ್ತು.

"ಸರ್, ಫೋಟೋದಲ್ಲಿರೋ ಕಟ್ಟಡ ಯಾರದು?"

ಎಲ್ಫೇಜ್ ನೆಲ ನೋಡುತ್ತ ಹೇಳಿದ. "ನಮ್ಮ ಕ್ಯಾಂಪು. ನಂದು, ನಮ್ಮಣ್ಣಂದು. ಹಲಗೆ ಮಾತ್ರ ಮ್ಯಾವಿಸ್ ಮನೇದು."

"ಜಾಗ ಎಲ್ಲಿ?"

ಹೇಳಿದ. ಹುಡುಗಿ ಟಪಟಪ ಬಡಿದಳು. ಸಾಲಿನಲ್ಲಿದ್ದವರೂ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಊರಲ್ಲಿ ಮ್ಯಾವಿಸ್‌ಳ ಸತ್ತ ಮನೆಯ ಸುದ್ದಿ ತಿಳಿಯದವರೇ ಇರಲಿಲ್ಲ.

"ಸರಿ. ಆ ಗುರುತು ತೆಗೆದೆ. ಮಿಸೆಸ್ ಪಾರ್ಫೇ, ನಿಮ್ಮ ಮನೆ ನಿಂತಿದೆ."

"ಅದೇ ತಾಯೀ, ನಾನು ಬಡ್ಕೊಂಡಿದ್ದೂ ಅದನ್ನೇ!" ಮ್ಯಾವಿಸ್ ಕೂಗಿದಳು. ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಪರ್ಸಿ ಕಂತು ಎಷ್ಟಾಗುತ್ತದೆಂದು ಹೇಳಿದ. ಮ್ಯಾವಿಸ್ ಅದನ್ನು ಎರಡೆರಡು ಸಲ ಹೇಳಿಸಿ ಕೇಳಿದಳು, ಸಂಗೀತ ಕೇಳುವವಳ ಹಾಗೆ. ಕಟ್ಟಬಹುದಿತ್ತು. ಹೊಟ್ಟೆ ಬಟ್ಟೆ ಕಟ್ಟಿದರೆ ಕಟ್ಟಬಹುದಿತ್ತು.

ಉರ್ಸುಲ್ ನೋಡುತ್ತಿದ್ದದ್ದು ಎಲ್ಫೇಜನನ್ನು. ಗೆದ್ದ ಹೊತ್ತಿನಲ್ಲಿ ಅವನೊಬ್ಬನೇ ಬಾಗಿಲ ಕಡೆ ಹೆಜ್ಜೆ ಇಡುತ್ತಿದ್ದ. ಅವಳು ಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ಒಂದು ನಿಮಿಷ," ಅಂದಿತು ಫೋನು. "ಇದು ಅರ್ಥ ಆಗ್ತಿಲ್ಲ. ಬಿದ್ದ ಗುರುತನ್ನ ಆ ಕ್ಯಾಂಪಿನ ಜಾಗಕ್ಕೆ ಹಾಕೋಣ ಅಂದ್ರೆ, ಅಲ್ಲಿ ಒಂದು ಮನೆ ತೋರಿಸ್ತಿದೆ. ಚಿಕ್ಕ ಮನೆ. ನಮ್ಮದೇ ವಿಮೆ ಇದೆ."

"ಅಲ್ಲಿ ಏನೂ ಇಲ್ವಲ್ಲಮ್ಮ, ಬರೀ ನೀರು," ಅಂದ ಪರ್ಸಿ. "ನಾನಂತೂ ಮಾಡಿಸಿಲ್ಲ."

"ನೀವಲ್ಲ ಸರ್, ಬೇರೆ ಊರಿನ ಏಜೆಂಟ್. ವಿಮೆದಾರರ ಹೆಸರು ಕ್ಲೋವಿಸ್ ಪಾರ್ಫೇ."

ಎರೆಯಂಗಡಿಯ ತೊಟ್ಟಿಗೆ ಗಾಳಿ ಊದುವ ಯಂತ್ರದ ಬುರಬುರ ಸದ್ದು ಗೋಡೆಯಾಚೆಯಿಂದ ಸ್ಪಷ್ಟವಾಗಿ ಕೇಳಿಸಿತು.

"ಅದು ಹಳೇದಿರಬೇಕು," ಅಂದಳು ಮ್ಯಾವಿಸ್. ದನಿ ಸಣ್ಣದಾಗಿತ್ತು. "ನಮ್ಮ ಯಜಮಾನರು ಮೂರು ವರ್ಷದ ಹಿಂದೆ ತೀರ್ಕೊಂಡ್ರು."

"ಇಲ್ಲ ಮ್ಯಾಡಂ, ಹೋದ ವಸಂತದಲ್ಲಿ ಮಾಡಿಸಿರೋದು. ಸ್ವತಃ ಬಂದು ಮಾಡಿಸಿದಾರೆ."

ಉರ್ಸುಲ್‌ಳ ತಲೆಯಲ್ಲಿ ಆಗಷ್ಟೇ ನೇರವಾಗಿದ್ದದ್ದೆಲ್ಲ ಮತ್ತೆ ಅಡ್ಡಬಿತ್ತು. ಅಣ್ಣನ ಹೆಸರು ಹಾಕಿಕೊಂಡು ಎಲ್ಫೇಜನೇ ಮಾಡಿಸಿದ್ದಾನೆಯೇ? ಹಾಗಿದ್ದರೆ ಸಿಕ್ಕಿಬಿದ್ದ ಕಳ್ಳನ ಮುಖ ಇರಬೇಕಿತ್ತು ಅವನಿಗೆ. ಇದ್ದದ್ದು ಹೆಣ ಹೊತ್ತವನ ಮುಖ, ಭಾರ ಇಳಿಸಲು ಜಾಗ ಹುಡುಕುತ್ತಿದ್ದ ಮುಖ. ಮೇಲಾಗಿ, ಪರವಾನಗಿ ಇಲ್ಲದ ಜಾಗದಲ್ಲಿ, ಗಾಳಿಯ ಬಾಯಲ್ಲಿ, ಯಾರಾದರೂ ಮನೆ ಕಟ್ಟಿ ವಿಮೆ ಮಾಡಿಸುತ್ತಾರೆ ಅಂದರೆ ಅಲ್ಲಿ ಅವರು ವಾಸ ಇದ್ದಾರೆ ಅಂತಲೇ ಅರ್ಥವಲ್ಲವೇ?

"ಮಿಸೆಸ್ ಪಾರ್ಫೇ," ಅಂದಳು ಫೋನಿನ ಹುಡುಗಿ, "ನಿಮ್ಮ ಮನೆ ಇನ್ನೂ ಇಬ್ಬರ ಹೆಸರಲ್ಲಿದೆ. ನೀವು ವಿಧವೆ ಆಗಿದ್ರೆ ನಿಮ್ಮೊಬ್ಬರ ಒಪ್ಪಿಗೆ ಸಾಕು, ಈಗಲೇ ಮುಗಿಸ್ತೀನಿ. ನಿಮ್ಮ ಯಜಮಾನರು ಇದ್ರೆ ಅವರೂ ಒಪ್ಪಬೇಕು. ಸುಳ್ಳು ಹೇಳಿದ್ರೆ ನಾಳೆ ಮನೆ ಬಿದ್ದಾಗ ಒಂದು ಮೊಳೆಗೂ ದುಡ್ಡು ಬರಲ್ಲ. ವಿಧವೆನಾ, ಅಲ್ವಾ?"

ಕ್ಲೋವಿಸ್‌ನ ಹೆಸರನ್ನು ಮನೆಯಿಂದ ತೆಗೆಸಲು ಮ್ಯಾವಿಸ್‌ಗೆ ಮನಸ್ಸು ಬಂದಿರಲಿಲ್ಲ. ಆ ಪ್ರೀತಿಯೇ ಈಗ ಅವಳ ಕುತ್ತಿಗೆ ಹಿಡಿದಿತ್ತು.

"ಬೇಗ ಹೇಳಿ ಮಿಸ್ ಮ್ಯಾವಿಸ್," ಅಂದ ಪರ್ಸಿ, ಗೋಡೆಯ ಮೇಲಿನ ಟೀವಿಯ ಕಡೆ ಕಣ್ಣಿಟ್ಟು. ಬಿಳಿ ಸುರುಳಿಯ ಅಂಚು ಕೊಲ್ಲಿಯ ಬಾಯಿಗೆ ತಾಗುವುದರಲ್ಲಿತ್ತು. "ಬಾಗಿಲು ಮುಚ್ತಾರೆ."

ಮ್ಯಾವಿಸ್ ಫೋನಿನ ಕಡೆ ಬಗ್ಗಿದಳು. ಮೂರು ವರ್ಷದಿಂದ ಚರ್ಚಿನಲ್ಲಿ, ಅಂಗಡಿಯಲ್ಲಿ, ಸಿಗಡಿ ಕೊಟ್ಟಿಗೆಯಲ್ಲಿ ಎಷ್ಟೋ ಸಲ ಹೇಳಿದ್ದ ಮಾತು. "ನಾನು ವಿ..."

"ಹೇಳಬೇಡ!"

ಎಲ್ಫೇಜ್ ಕೂಗಿದ ಜೋರಿಗೆ ಸಾಲಿನಲ್ಲಿದ್ದವರು ಹಿಂದೆ ಸರಿದರು. ಅವನು ಗೋಡೆಗೆ ಒರಗಿದ್ದ. ಕಣ್ಣಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಬೇಕೆಂಬುದೂ ಅವನಿಗೆ ತಿಳಿಯುತ್ತಿರಲಿಲ್ಲ.

"ಹಂಗೆ ಬರೆಸಬೇಡ ಮ್ಯಾವಿಸ್," ಅಂದ. "ಹೋದ ಭಾನುವಾರ ಅವನಿಗೆ ಅಕ್ಕಿ ಕೊಟ್ಟು ಬಂದಿದೀನಿ."

ಮ್ಯಾವಿಸ್ ತಿರುಗಿ ಮೈದುನನನ್ನು ನೋಡಿದಳು. ಉರ್ಸುಲ್ ಬಾಗಿಲು ಬಿಟ್ಟು ಬಂದು ಅವಳ ತೋಳು ಹಿಡಿದುಕೊಂಡಳು, ಅವಳು ಬೀಳುತ್ತಾಳೋ ಅವನ ಮೇಲೆ ಬೀಳುತ್ತಾಳೋ ತಿಳಿಯದೆ.

"ಹಲೋ?" ಅಂದಿತು ಮೇಜಿನ ಮೇಲಿನ ಫೋನು. "ಮ್ಯಾಡಂ, ಇದ್ದೀರಾ? ಏನಂತ ಬರ್ಕೊಳ್ಳಲಿ?"